ಮ್ಯಾನುಯಲ್‌ನಲ್ಲಿ 0ಡಬ್ಲ್ಯೂ-20, ಗ್ಯಾರೇಜಿನಲ್ಲಿ 20ಡಬ್ಲ್ಯೂ-50: ಯಾವುದನ್ನು ಹಾಕಿಸಲಿ?

ಕೆಂಪುಹ್ಯಾಚ್:

ಎಲ್ಲರಿಗೂ ನಮಸ್ಕಾರ. ಕಾರಿನದು 1.2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್. ಇಲ್ಲಿಯವರೆಗೆ 1,10,000 ಕಿ.ಮೀ. ಓಡಿದೆ. ಮ್ಯಾನುಯಲ್‌ನ ಇಂಜಿನ್ ಆಯಿಲ್ ಪಟ್ಟಿಯಲ್ಲಿ ಮೊದಲ ಆಯ್ಕೆ 0ಡಬ್ಲ್ಯೂ-20, ಅದರ ಕೆಳಗೆ 5ಡಬ್ಲ್ಯೂ-30 ಕೂಡ ಇದೆ. ಎಪಿಐ ಎಸ್‌ಎನ್ (ಆಯಿಲಿನ ಗುಣಮಟ್ಟದ ದರ್ಜೆ) ಅಥವಾ ಅದಕ್ಕಿಂತ ಮೇಲಿನದು ಇರಬೇಕು ಅಂತ ಬರೆದಿದ್ದಾರೆ. ಮೊದಲಿನಿಂದಲೂ 0ಡಬ್ಲ್ಯೂ-20 ಹಾಕಿಸುತ್ತಿದ್ದೇನೆ.

ಈಚೆಗೆ 5,000 ಕಿ.ಮೀ.ಗೆ ಸುಮಾರು 400 ಮಿ.ಲೀ. ಆಯಿಲ್ ಇಳಿಯುತ್ತಿದೆ. ಮೊದಲು ಇಷ್ಟು ಇಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಹೊರಗಿನ ಬಿಸಿ 40 ಡಿಗ್ರಿ ದಾಟುತ್ತದೆ. ಗ್ಯಾರೇಜಿನವರು "ಇಂಜಿನ್ ಹಳೆಯದಾಯಿತು, ಈ ನೀರಿನಂಥ ಆಯಿಲ್ ಬೇಡ, 20ಡಬ್ಲ್ಯೂ-50 ಹಾಕಿ, ಸೌಂಡೂ ಕಡಿಮೆಯಾಗುತ್ತೆ" ಅನ್ನುತ್ತಿದ್ದಾರೆ.

ಗ್ರೇಡ್ ಏರಿಸಬೇಕಾ? ಏರಿಸುವುದಾದರೆ ಎಲ್ಲಿಯವರೆಗೆ? ಬಿಸಿ ಹವೆಗೆ ಈ ಎರಡು ಅಂಕಿಗಳಲ್ಲಿ ಯಾವುದನ್ನು ನೋಡಬೇಕು ಅನ್ನುವುದೂ ಸರಿಯಾಗಿ ಗೊತ್ತಿಲ್ಲ, ತಿಳಿದವರು ದಯವಿಟ್ಟು ಹೇಳಿ.

ಬೇರಿಂಗ್‌ಶೆಲ್:

20ಡಬ್ಲ್ಯೂ-50 ಬೇಡ. 0ಡಬ್ಲ್ಯೂ-20ರಲ್ಲೇ ಮುಂದುವರಿಯಿರಿ, ಇಲ್ಲವೇ 5ಡಬ್ಲ್ಯೂ-30ಕ್ಕೆ ಹೋಗಿ. ಮ್ಯಾನುಯಲ್ ಎರಡನ್ನೂ ಒಪ್ಪಿದೆ. ಕಾರಣ ಹೇಳುತ್ತೇನೆ.

ಡಬ್ಲ್ಯೂ ಅಂದರೆ ವಿಂಟರ್. ಅದರ ಹಿಂದಿರುವ 0, 5, 15, 20 ಇವೆಲ್ಲ ಕೊರೆಯುವ ಚಳಿಯಲ್ಲಿ ಆಯಿಲ್ ಎಷ್ಟು ಗಟ್ಟಿಯಾಗುತ್ತದೆ ಅನ್ನುವುದರ ಅಳತೆ. ಎಸ್‌ಎಇ ಜೆ300 ಮಾನದಂಡದ ಪ್ರಕಾರ 0ಡಬ್ಲ್ಯೂ ಆಯಿಲ್ ಮೈನಸ್ 35 ಡಿಗ್ರಿಯಲ್ಲಿ ಸ್ಟಾರ್ಟಿಂಗ್ ಪರೀಕ್ಷೆ ಪಾಸಾಗಬೇಕು. 5ಡಬ್ಲ್ಯೂಗೆ ಅದು ಮೈನಸ್ 30, 10ಡಬ್ಲ್ಯೂಗೆ ಮೈನಸ್ 25, 15ಡಬ್ಲ್ಯೂಗೆ ಮೈನಸ್ 20, 20ಡಬ್ಲ್ಯೂಗೆ ಮೈನಸ್ 15. ಪಂಪು ಎಳೆದುಕೊಳ್ಳುತ್ತದೆಯೇ ಅನ್ನುವ ಪರೀಕ್ಷೆ ಇನ್ನೂ 5 ಡಿಗ್ರಿ ಕೆಳಗೆ ನಡೆಯುತ್ತದೆ. ಬಿಸಿಯಾದ ಇಂಜಿನ್ನಿನಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವುದಕ್ಕೂ ಈ ಅಂಕಿಗೂ ಸಂಬಂಧವಿಲ್ಲ.

ಅದನ್ನು ಹೇಳುವುದು ಗೆರೆಯ ನಂತರದ ಅಂಕಿ. 100 ಡಿಗ್ರಿಯಲ್ಲಿ ಸ್ನಿಗ್ಧತೆ (ದಪ್ಪ) ಅಳೆದಾಗ 20 ಗ್ರೇಡ್ 6.9ರಿಂದ 9.3 ಸೆಂಟಿಸ್ಟೋಕ್ಸ್ ಒಳಗಿರಬೇಕು. 30 ಗ್ರೇಡ್‌ಗೆ 9.3ರಿಂದ 12.5, 40ಕ್ಕೆ 12.5ರಿಂದ 16.3, 50ಕ್ಕೆ 16.3ರಿಂದ 21.9. ಹಾಗಾಗಿ 0ಡಬ್ಲ್ಯೂ-40 ಮತ್ತು 15ಡಬ್ಲ್ಯೂ-40 ಎರಡೂ ಬಿಸಿ ಇಂಜಿನ್ನಿನಲ್ಲಿ ಒಂದೇ ಪಟ್ಟಿಯೊಳಗೆ ಇರುತ್ತವೆ. "ಸೊನ್ನೆ ಇದೆ, ಅದಕ್ಕೇ ತೆಳು" ಅನ್ನುವ ಮಾತು ತಪ್ಪು.

ಇನ್ನು ನೀರಿನಂಥದು ಅನ್ನುವ ದೂರು. ಸಾಮಾನ್ಯ 0ಡಬ್ಲ್ಯೂ-20 ಆಯಿಲ್ 100 ಡಿಗ್ರಿಯಲ್ಲಿ 8ರ ಆಸುಪಾಸು ಇರುತ್ತದೆ. ಅದೇ ಆಯಿಲ್ 25 ಡಿಗ್ರಿಯಲ್ಲಿ 80ರ ಸುಮಾರಿಗೆ ಬರುತ್ತದೆ. ಅಂದರೆ ಬೆಚ್ಚಗಿನ ಬೆಳಗ್ಗೆ ಸ್ಟಾರ್ಟ್ ಮಾಡಿದರೂ ಇಂಜಿನ್ನಿಗೆ ಬೇಕಾದುದಕ್ಕಿಂತ ಹತ್ತು ಪಟ್ಟು ದಪ್ಪವೇ ಇದೆ. 20ಡಬ್ಲ್ಯೂ-50 ಅದೇ 25 ಡಿಗ್ರಿಯಲ್ಲಿ 350 ಮೀರುತ್ತದೆ. ತೆಳು ಆಯಿಲಿಗೆಂದು ಮಾಡಿದ ಕಿರಿದಾದ ದಾರಿಗಳಲ್ಲಿ ಅಷ್ಟು ದಪ್ಪದ್ದು ಮೇಲಿರುವ ಕ್ಯಾಮ್ (ವಾಲ್ವ್ ತೆರೆಯುವ ದಂಡ) ತನಕ ಏರಲು ತಡವಾಗುತ್ತದೆ. ಪಂಪಿನ ರಿಲೀಫ್ ವಾಲ್ವ್ ತೆರೆದು ಒಂದಷ್ಟು ಆಯಿಲ್ ಇಂಜಿನ್ನಿಗೆ ಹೋಗದೆ ಹಿಂದಕ್ಕೇ ತಿರುಗುತ್ತದೆ. ಫಿಲ್ಟರಿನ ಬೈಪಾಸ್ ವಾಲ್ವ್ ಕೂಡ ತೆರೆದುಕೊಂಡರೆ ಸೋಸದ ಆಯಿಲ್ ಬೇರಿಂಗಿಗೆ ಹೋಗುತ್ತದೆ.

ನಿಮ್ಮ ಇಂಜಿನ್ನಿನಲ್ಲಿ ವಿವಿಟಿ (ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ವ್ಯವಸ್ಥೆ) ಇದ್ದರೆ ಇನ್ನೊಂದು ತೊಂದರೆ. ಕ್ಯಾಮ್ ಅನ್ನು ಹಿಂದೆ ಮುಂದೆ ತಿರುಗಿಸುವುದು ಆಯಿಲಿನ ಒತ್ತಡವೇ. ಆ ಕಂಟ್ರೋಲ್ ವಾಲ್ವಿನ ಜಾಲರಿ ತೀರಾ ಸಣ್ಣದು. ಆಯಿಲ್ ಮಂದವಾದರೆ ಕ್ಯಾಮ್ ಹೇಳಿದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಪಿ0011 ಥರದ ಕೋಡ್ ಬಂದು ಚೆಕ್ ಇಂಜಿನ್ ಲೈಟ್ ಹತ್ತುತ್ತದೆ. ಆಮೇಲೆ ಸರಿಯಾಗಿರುವ ವಾಲ್ವನ್ನು ಬದಲಾಯಿಸುತ್ತಾ ಕೂರುತ್ತಾರೆ.

ಲಾಂಗ್‌ರೂಟ್:

ಬೇರಿಂಗ್‌ಶೆಲ್ ಸರ್, ಚಳಿಯ ಲೆಕ್ಕ ಒಪ್ಪುತ್ತೇನೆ. ಆದರೆ ಕೇಳಿದವರ ಊರಲ್ಲಿ 40 ಡಿಗ್ರಿ ಬಿಸಿಲು. ಎಸಿ ಹಾಕಿಕೊಂಡು, ಐದು ಜನ ಕೂತು, ಘಾಟಿ ಹತ್ತುವಾಗ 20 ಗ್ರೇಡ್ ಸಾಕಾಗುತ್ತದೆ ಅಂತ ಹೇಗೆ ಹೇಳುತ್ತೀರಿ? ದಪ್ಪ ಆಯಿಲ್ ಹಾಕಿದರೆ ಪ್ರೆಶರ್ ಹೆಚ್ಚಾಗುವುದು ಗೇಜಿನಲ್ಲೇ ಕಾಣುತ್ತದಲ್ಲ? ಇದೇ ಇಂಜಿನ್ನಿಗೆ ಬೇರೆ ದೇಶಗಳ ಮ್ಯಾನುಯಲ್‌ನಲ್ಲಿ 5ಡಬ್ಲ್ಯೂ-30, 10ಡಬ್ಲ್ಯೂ-40 ತನಕ ಕೊಟ್ಟಿರುವುದೂ ಉಂಟು. 20 ಗ್ರೇಡ್ ಬರೆಯುವುದು ಮೈಲೇಜ್ ನಿಯಮಕ್ಕಾಗಿ ಅನ್ನುವುದು ಎಲ್ಲರಿಗೂ ಗೊತ್ತಿರುವುದೇ.

ಬೇರಿಂಗ್‌ಶೆಲ್:

ಲಾಂಗ್‌ರೂಟ್ ಅವರೇ, ನಿಮ್ಮ ಕೊನೆಯ ಮಾತು ನಿಜ. ಒಂದೇ ಇಂಜಿನ್ನಿಗೆ ದೇಶದಿಂದ ದೇಶಕ್ಕೆ ಗ್ರೇಡ್ ಬದಲಾಗುವುದಕ್ಕೆ ಇಂಧನ ಉಳಿತಾಯದ ನಿಯಮ ದೊಡ್ಡ ಕಾರಣ. ಅದಕ್ಕೇ ಮ್ಯಾನುಯಲ್‌ನ ಮೊದಲ ಸಾಲನ್ನಷ್ಟೇ ಓದಿ ಬಿಡಬಾರದು, ಇಡೀ ಪಟ್ಟಿ ನೋಡಬೇಕು. ಪಟ್ಟಿಯಲ್ಲಿರುವ ಅತಿ ದಪ್ಪ ಗ್ರೇಡ್ ಆ ಇಂಜಿನ್ನಿನ ಮೇಲಿನ ಮಿತಿ. ಇವರ ಪಟ್ಟಿ 30ರಲ್ಲಿ ನಿಂತಿದೆ, 50ಕ್ಕೆ ಹಾರಲು ಅಲ್ಲಿ ಆಧಾರವಿಲ್ಲ.

ಬಿಸಿಲಿನ ವಿಷಯ. ಇಂಜಿನ್ನಿನ ಶಾಖವನ್ನು ಹಿಡಿದಿಡುವುದು ಥರ್ಮೋಸ್ಟಾಟ್ ಮತ್ತು ಕೂಲೆಂಟ್. ಹೊರಗೆ 20 ಇರಲಿ 40 ಇರಲಿ, ಕೂಲೆಂಟ್ 90ರ ಆಸುಪಾಸಿಗೇ ಬಂದು ನಿಲ್ಲುತ್ತದೆ, ಸಾಮಾನ್ಯ ಓಡಾಟದಲ್ಲಿ ಸಂಪ್‌ನ (ಇಂಜಿನ್ ತಳದ ಆಯಿಲ್ ತೊಟ್ಟಿಯ) ಆಯಿಲ್ ಅದರ ಸ್ವಲ್ಪ ಮೇಲೆ ಇರುತ್ತದೆ. ಹೊರಗಿನ 20 ಡಿಗ್ರಿ ವ್ಯತ್ಯಾಸ ಆಯಿಲಿಗೆ ಹಾಗೇ ಇಡಿಯಾಗಿ ಬರುವುದಿಲ್ಲ. ಆಯಿಲನ್ನು ನಿಜವಾಗಿ ಕಾಯಿಸುವುದು ಲೋಡ್: ಬಹಳ ಹೊತ್ತು ಹೆಚ್ಚು ಆರ್‌ಪಿಎಂ, ಟ್ರೈಲರ್ ಎಳೆಯುವುದು, ಉದ್ದದ ಏರು, ಟರ್ಬೊ. ಆಗ 120 ಡಿಗ್ರಿ ದಾಟಬಹುದು.

ಲೆಕ್ಕಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. 100 ಡಿಗ್ರಿಯಲ್ಲಿ 10.5 ಇರುವ 5ಡಬ್ಲ್ಯೂ-30 ಆಯಿಲ್ 110 ಡಿಗ್ರಿಗೆ ಹೋದಾಗ 8.6ರ ಹತ್ತಿರ ಇಳಿಯುತ್ತದೆ. ಅಂದರೆ ಆಯಿಲಿನ ಬಿಸಿ ಸುಮಾರು 10-12 ಡಿಗ್ರಿ ಏರಿದರೆ 30 ಗ್ರೇಡ್ 20ರಷ್ಟು ತೆಳುವಾಗುತ್ತದೆ. ನಿತ್ಯ ಘಾಟಿ, ನಿತ್ಯ ಪೂರ್ತಿ ಲೋಡ್ ಇರುವವರು ಒಂದು ಗ್ರೇಡ್ ಏರಿಸುವುದು ಹೀಗಾಗಿ ನ್ಯಾಯವೇ. ಎರಡು ಮೂರು ಗ್ರೇಡ್ ಏರಿಸಲು ಇದು ಕಾರಣವಾಗದು.

ಪ್ರೆಶರ್ ಮತ್ತು ಹರಿವು ಬೇರೆ ಬೇರೆ. ಪಂಪು ಒಂದು ಸುತ್ತಿಗೆ ಇಷ್ಟು ಅಂತ ಆಯಿಲ್ ತಳ್ಳುತ್ತದೆ. ಮುಂದಿನ ದಾರಿಯಲ್ಲಿ ತಡೆ ಹೆಚ್ಚಾದಷ್ಟೂ ಗೇಜ್ ಮೇಲೇರುತ್ತದೆ. ಗೇಜ್ ಏರಿತು ಅಂದಮಾತ್ರಕ್ಕೆ ಬೇರಿಂಗಿಗೆ ಹೆಚ್ಚು ಆಯಿಲ್ ಹೋಯಿತು ಅಂತಲ್ಲ, ಎಷ್ಟೋ ಸಲ ಕಡಿಮೆಯೇ ಹೋಗಿರುತ್ತದೆ. ಆಯಿಲ್ ಹರಿದು ಹೋಗುವಾಗ ಬೇರಿಂಗಿನ ಬಿಸಿಯನ್ನೂ ಒಯ್ಯುತ್ತದೆ, ಆ ಕೆಲಸವೂ ಕುಂಟುತ್ತದೆ. ಪ್ರೆಶರ್ ಬಗ್ಗೆ ನಿಜವಾದ ಅನುಮಾನ ಇದ್ದರೆ ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗದಲ್ಲಿ ಮೆಕ್ಯಾನಿಕಲ್ ಗೇಜ್ ಹಾಕಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲೂ 3,000 ಆರ್‌ಪಿಎಂನಲ್ಲೂ ಓದಿಸಿ, ಸರ್ವೀಸ್ ಮ್ಯಾನುಯಲ್‌ನ ಅಂಕಿಗೆ ಹೋಲಿಸಬೇಕು.

ಬೇರಿಂಗನ್ನು ಕಾಯುವ ಪದರವನ್ನು ಅಳೆಯುವ ಅಂಕಿ ಎಚ್‌ಟಿಎಚ್‌ಎಸ್. 150 ಡಿಗ್ರಿ ಬಿಸಿಯಲ್ಲಿ, ಬೇರಿಂಗಿನ ಒಳಗಿನಂತೆ ಜೋರಾಗಿ ಉಜ್ಜಾಟ ಕೊಟ್ಟು ಅಳೆಯುತ್ತಾರೆ. 20 ಗ್ರೇಡ್‌ಗೆ ಕನಿಷ್ಠ 2.6 ಮಿಲಿಪ್ಯಾಸ್ಕಲ್-ಸೆಕೆಂಡ್ ಇರಬೇಕು, 30ಕ್ಕೆ 2.9. 0ಡಬ್ಲ್ಯೂ, 5ಡಬ್ಲ್ಯೂ, 10ಡಬ್ಲ್ಯೂ ಇರುವ 40ಕ್ಕೆ 3.5, 15ಡಬ್ಲ್ಯೂ-40ಕ್ಕೂ ಎಲ್ಲ 50ಕ್ಕೂ 3.7. ಡಬ್ಬದ ಮೇಲೆ ಇದು ಬರೆದಿರುವುದಿಲ್ಲ, ಆ ಆಯಿಲಿನ ಡೇಟಾ ಶೀಟ್‌ನಲ್ಲಿ ಸಿಗುತ್ತದೆ. ಅರ್ಧ ನಿಮಿಷ ಕೊಟ್ಟು ನೋಡುವುದು ಒಳ್ಳೆಯದು.

ಟ್ಯಾಪೆಟ್:

ಗ್ರೇಡ್ ಚರ್ಚೆಗೆ ಮೊದಲು ಆ 400 ಮಿ.ಲೀ. ಎಲ್ಲಿ ಹೋಗುತ್ತಿದೆ ಅಂತ ಹುಡುಕಿ. 5,000ಕ್ಕೆ 400 ಅಂದರೆ 1,000 ಕಿ.ಮೀ.ಗೆ 80 ಮಿ.ಲೀ. ಗಾಬರಿಯಾಗುವಂಥದ್ದಲ್ಲ, 1,000ಕ್ಕೆ ಅರ್ಧ ಲೀಟರ್ ತನಕ ಸಹಜ ಅಂತಲೇ ಬರೆದಿರುವ ಕಂಪನಿಗಳಿವೆ. ಆದರೆ ಮೊದಲು ಇಲ್ಲದ್ದು ಈಗ ಶುರುವಾಗಿದೆ ಅಂದರೆ ಕಾರಣ ಇದ್ದೇ ಇರುತ್ತದೆ. ದಪ್ಪ ಆಯಿಲ್ ಆ ಕಾರಣವನ್ನು ಮುಚ್ಚಿಡುತ್ತದೆ ಅಷ್ಟೆ.

ಮೊದಲು ಅಳತೆ ಸರಿ ಇದೆಯೇ ನೋಡಿ. ಕಾರು ಸಮತಟ್ಟಾದ ಜಾಗದಲ್ಲಿರಬೇಕು. ಇಂಜಿನ್ ಆಫ್ ಮಾಡಿ 5-10 ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ, ಪೂರ್ತಿ ಒಳಗೆ ತೂರಿಸಿ ತೆಗೆದು ನೋಡಿ. ಪ್ರತಿಸಲ ಅದೇ ಜಾಗ, ಅದೇ ರೀತಿ. ಒಂದು ದಿನ ಬಿಸಿಯಲ್ಲಿ, ಇನ್ನೊಂದು ದಿನ ತಣ್ಣಗಿದ್ದಾಗ ನೋಡಿದರೆ ಲೆಕ್ಕ ತಪ್ಪುತ್ತದೆ. ಬಹಳಷ್ಟು ಕಾರುಗಳಲ್ಲಿ ಮಿನ್‌ನಿಂದ ಮ್ಯಾಕ್ಸ್‌ಗೆ ಸುಮಾರು 1 ಲೀಟರ್ ಹಿಡಿಯುತ್ತದೆ, ನಿಮ್ಮದರ ಅಂಕಿ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

ಆಮೇಲೆ ಸೋರಿಕೆ. ವಾಲ್ವ್ ಕವರ್ ಗ್ಯಾಸ್ಕೆಟ್, ಡ್ರೈನ್ ಬೋಲ್ಟ್, ಫಿಲ್ಟರ್ ಬುಡ, ಗೇರ್‌ಬಾಕ್ಸ್ ಇಂಜಿನ್ನಿಗೆ ಕೂಡುವ ಕಡೆ ಕ್ರ್ಯಾಂಕಿನ ಹಿಂದಿನ ಸೀಲ್. ಎಲ್ಲಾ ಒರೆಸಿ ನಾಲ್ಕು ದಿನ ಓಡಿಸಿ ಮತ್ತೆ ನೋಡಿದರೆ ಹಸಿ ಎಲ್ಲಿಂದ ಅಂತ ತಿಳಿಯುತ್ತದೆ.

ಸೋರಿಕೆ ಇಲ್ಲದಿದ್ದರೆ ಪಿಸಿವಿ ವಾಲ್ವ್ (ಇಂಜಿನ್ನಿನ ಒಳಗಿನ ಆವಿಯನ್ನು ಇನ್‌ಟೇಕಿಗೆ ಬಿಡುವ ವಾಲ್ವ್). ಇದನ್ನು ಯಾರೂ ನೋಡುವುದಿಲ್ಲ, ಆದರೆ ಎಷ್ಟೋ ಕೇಸಿನಲ್ಲಿ ಮುಗಿಯುವುದು ಇಲ್ಲೇ. ಬಿಚ್ಚಿ ಅಲ್ಲಾಡಿಸಿದರೆ ಒಳಗೆ ಟಕಟಕ ಅನ್ನಬೇಕು. ತೆರೆದೇ ಕಚ್ಚಿಕೊಂಡಿದ್ದರೆ ಆಯಿಲ್ ಆವಿಯನ್ನು ಇನ್‌ಟೇಕಿಗೆ ಎಳೆಯುತ್ತಲೇ ಇರುತ್ತದೆ. ಮುಚ್ಚಿಕೊಂಡಿದ್ದರೆ ಒಳಗೆ ಒತ್ತಡ ಕಟ್ಟಿ ಸೀಲುಗಳಿಂದ ಆಯಿಲ್ ಒಸರುತ್ತದೆ. ಕಾಯಿಲೆ ಒಂದೇ ಕಡೆ, ಲಕ್ಷಣ ಎರಡು.

ಹೊಗೆ ಗಮನಿಸಿ. ಸ್ವಲ್ಪ ಹೊತ್ತು ಐಡಲ್‌ನಲ್ಲಿ ನಿಂತು ಹೊರಟ ಕೂಡಲೇ, ಇಲ್ಲವೇ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸ್ಟೆಮ್ ಸೀಲ್. ಜೋರಾಗಿ ಎಳೆಯುವಾಗ ಒಂದೇ ಸಮನೆ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ. ಕಂಪ್ರೆಷನ್ ಟೆಸ್ಟ್ ಮಾಡಿಸಿ, ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಲಿ. ಈಗ ಅಂಕಿ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಕಂಪ್ರೆಷನ್ ಸರಿ ಇದ್ದೂ ಆಯಿಲ್ ಉರಿಯುತ್ತಿದ್ದರೆ ಆಯಿಲ್ ಕಂಟ್ರೋಲ್ ರಿಂಗಿನ ತೂತುಗಳಲ್ಲಿ ಕರಿ ಕಟ್ಟಿರುವ ಸಾಧ್ಯತೆ ಹೆಚ್ಚು. ಡ್ರೈನ್ (ಆಯಿಲ್ ಬದಲಿಸುವ) ಅವಧಿ ಮೀರಿ ಓಡಿಸಿದ ಇಂಜಿನ್ನಿನಲ್ಲಿ ಇದು ಸಾಮಾನ್ಯ.

ಇನ್ನೊಂದು. ಮಟ್ಟ ಇಳಿಯುವುದಕ್ಕಿಂತ ಏರುವುದು ಕೆಟ್ಟದ್ದು. ಡೈರೆಕ್ಟ್ ಇಂಜೆಕ್ಷನ್ ಕಾರನ್ನು ಬರೀ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಪೆಟ್ರೋಲ್ ಆಯಿಲಿಗೆ ಸೇರುತ್ತದೆ, ಡಿಪ್‌ಸ್ಟಿಕ್‌ನಲ್ಲಿ ವಾಸನೆ ಬರುತ್ತದೆ, 30 ಗ್ರೇಡ್ ತೆಳುವಾಗಿ 20ರ ಕಡೆಗೆ ಜಾರುತ್ತದೆ. ಅದಕ್ಕೆ ಮದ್ದು ಬೇಗ ಆಯಿಲ್ ಬದಲಿಸುವುದು.

ಡೇಟಾಶೀಟ್:

ಟ್ಯಾಪೆಟ್ ಹೇಳಿದ್ದಕ್ಕೆ ಸೇರಿಸುವುದೇನೆಂದರೆ, ಗ್ರೇಡ್ ಬದಲಿಸದೆಯೂ ಬಳಕೆ ತಗ್ಗಿಸಬಹುದು. ಡೇಟಾ ಶೀಟ್‌ನಲ್ಲಿ ನೋಯಾಕ್ ಅನ್ನುವ ಅಂಕಿ ಇರುತ್ತದೆ. ಆಯಿಲನ್ನು 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ಶೇಕಡಾ ಎಷ್ಟು ಆವಿಯಾಗುತ್ತದೆ ಅನ್ನುವ ಅಳತೆ. ಎಪಿಐ ಎಸ್‌ಪಿ 0ಡಬ್ಲ್ಯೂ-20ಕ್ಕೆ 15 ತನಕ ಬಿಡುತ್ತದೆ. ಅದೇ ಗ್ರೇಡ್‌ನಲ್ಲಿ 10-11 ಇರುವ ಆಯಿಲ್‌ಗಳೂ ಇವೆ. ಅಂಥದ್ದನ್ನು ಒಮ್ಮೆ ಹಾಕಿ ನೋಡಿ.

ಈ ಎಳೆಯಲ್ಲಿ ಎಲ್ಲರೂ ಗ್ರೇಡ್ ಹಿಡಿದೇ ಮಾತಾಡುತ್ತಿದ್ದೇವೆ, ಸ್ಪೆಸಿಫಿಕೇಶನ್ ಅದಕ್ಕಿಂತ ದೊಡ್ಡದು. ಡಬ್ಬದ ಮೇಲೆ ಒಂದೇ 5ಡಬ್ಲ್ಯೂ-30 ಅಂತ ಇರುವ ಮೂರು ಆಯಿಲ್ ತೆಗೆದುಕೊಳ್ಳಿ. ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ದರ್ಜೆ ಎ5/ಬಿ5 ಇರುವುದರ ಎಚ್‌ಟಿಎಚ್‌ಎಸ್ 2.9ರಿಂದ 3.5ರ ನಡುವೆ. ಎ3/ಬಿ4 ಇದ್ದರೆ 3.5ರ ಮೇಲೆ, ಬೂದಿಯ ಅಂಶವೂ ಹೆಚ್ಚು. ಸಿ3 ಆದರೆ ಎಚ್‌ಟಿಎಚ್‌ಎಸ್ 3.5ರ ಮೇಲೆಯೇ, ಆದರೆ ಸಲ್ಫೇಟೆಡ್ ಆ್ಯಶ್ ಶೇಕಡಾ 0.8ಕ್ಕಿಂತ ಹೆಚ್ಚಿರುವಂತಿಲ್ಲ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರಿಗೆ ಎ3/ಬಿ4 ಹಾಕಿದರೆ ಉರಿದ ಆಯಿಲಿನ ಬೂದಿ ಫಿಲ್ಟರಿನಲ್ಲಿ ಕೂರುತ್ತದೆ. ಫಿಲ್ಟರನ್ನು ಕಾಯಿಸಿ ಶುಚಿ ಮಾಡುವ ರೀಜನರೇಶನ್‌ನಲ್ಲಿ ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಗ್ರೇಡ್ ಅಕ್ಷರಶಃ ಸರಿ ಇದ್ದರೂ ಫಿಲ್ಟರ್ ಕಟ್ಟಿಕೊಳ್ಳುವುದು ಹೀಗೆ.

ಟರ್ಬೊ ಮತ್ತು ಡೈರೆಕ್ಟ್ ಇಂಜೆಕ್ಷನ್ ಎರಡೂ ಇರುವ ಪೆಟ್ರೋಲ್ ಕಾರಿನವರು ಈ ಎಳೆ ಓದುತ್ತಿದ್ದರೆ, 2020ರಲ್ಲಿ ಬಂದ ಎಪಿಐ ಎಸ್‌ಪಿಗಿಂತ ಹಳೆಯದನ್ನು ಕೊಳ್ಳಬೇಡಿ. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಒತ್ತಿದಾಗ ಕಿಡಿಗೆ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆಗೂ ಟೈಮಿಂಗ್ ಚೈನ್ ಸವೆತಕ್ಕೂ ಅದರಲ್ಲಿ ಪರೀಕ್ಷೆಗಳಿವೆ. ಎಸ್‌ಎನ್ ಕೇಳುವ ಇಂಜಿನ್ನಿಗೆ ಎಸ್‌ಪಿ ಧಾರಾಳವಾಗಿ ಹಾಕಬಹುದು, ತಿರುಗುಮುರುಗು ಮಾಡಬಾರದು. ಟೈಮಿಂಗ್ ಬೆಲ್ಟ್ ಆಯಿಲಿನಲ್ಲೇ ಮುಳುಗಿ ಓಡುವ ಇಂಜಿನ್ ಇದ್ದರೆ ಕಂಪನಿ ಹೇಳಿದ ಅದೇ ಸಂಖ್ಯೆಯ ಸ್ಪೆಸಿಫಿಕೇಶನ್ ಬೇಕು. ಬೆಲ್ಟಿನ ರಬ್ಬರ್ ಬಿಟ್ಟುಕೊಂಡರೆ ಚೂರುಗಳು ಪಂಪಿನ ಸ್ಟ್ರೈನರಿಗೆ ಹೋಗಿ ಕಟ್ಟುತ್ತವೆ, ಆಗ ಇಂಜಿನ್ನೇ ಹೋಗುತ್ತದೆ.

20ಡಬ್ಲ್ಯೂ-50 ಪೂರ್ತಿ ನಿಷ್ಪ್ರಯೋಜಕ ಅಂತ ಯಾರೂ ತಿಳಿಯಬೇಡಿ. ಬೇರಿಂಗ್ ಕ್ಲಿಯರೆನ್ಸ್ ದೊಡ್ಡದಿರುವ, ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್ಟಿನ ಹಳೆಯ ಇಂಜಿನ್ನುಗಳಿಗೆ ಅದೇ ಸರಿ. 0ಡಬ್ಲ್ಯೂ-20, 5ಡಬ್ಲ್ಯೂ-30 ಥರದ ಗ್ರೇಡುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ರಂಜಕವನ್ನು ಶೇಕಡಾ 0.08ಕ್ಕೆ ಕಟ್ಟಿಹಾಕಿದ್ದಾರೆ. 20ಡಬ್ಲ್ಯೂ-50ಕ್ಕೆ ಆ ಮಿತಿ ಇಲ್ಲ. ಹಳೆಯ ಕ್ಯಾಮ್‌ಗೆ ಬೇಕಾದ ಸವೆತ ತಡೆಯುವ ಜಿಂಕ್-ರಂಜಕ ಅದರಲ್ಲಿ ಹೆಚ್ಚಿರಬಹುದು. ಕೆಂಪುಹ್ಯಾಚ್ ಅವರ ಇಂಜಿನ್ ಆ ಕಾಲದ್ದಲ್ಲ.

ಕೆಂಪುಹ್ಯಾಚ್:

ಎಲ್ಲರಿಗೂ ತುಂಬಾ ಧನ್ಯವಾದ. ಪಿಸಿವಿ ಮೊದಲು ನೋಡಿಸುತ್ತೇನೆ, ಮುಂದಿನ ಸಲ 5ಡಬ್ಲ್ಯೂ-30 ಎಪಿಐ ಎಸ್‌ಪಿ ಹಾಕೋಣ ಅಂತಿದ್ದೇನೆ. ಅಲ್ಲಿಯತನಕ ಟಾಪ್‌ಅಪ್‌ಗೆ 5ಡಬ್ಲ್ಯೂ-30 ಬೆರೆಸಬಹುದಾ? ಬದಲಿಸುವ ಮೊದಲು ಫ್ಲಶ್ ಮಾಡಿಸಬೇಕಾ?

ಟ್ಯಾಪೆಟ್:

ಬೆರೆಸಬಹುದು. ಎಪಿಐ ಪ್ರಮಾಣಿತ ಇಂಜಿನ್ ಆಯಿಲ್‌ಗಳು ಒಂದರೊಡನೊಂದು ಬೆರೆಯುವಂತೆಯೇ ಇರಬೇಕು. 400 ಮಿ.ಲೀ. ಸೇರಿಸಿದರೆ ದಪ್ಪ ಎರಡರ ನಡುವೆ ಎಲ್ಲೋ ಬಂದು ನಿಲ್ಲುತ್ತದೆ. ಆಯಿಲ್ ಕಡಿಮೆ ಇಟ್ಟು ಓಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಒಂದೇ ಸಲ ಸುರಿಯಬೇಡಿ, 200 ಹಾಕಿ ನೋಡಿ, ಮತ್ತೆ ಹಾಕಿ. ಮ್ಯಾಕ್ಸ್ ಗೆರೆ ಬಹಳ ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಬೇರಿಂಗನ್ನು ಕಾಯುವುದಿಲ್ಲ.

ಫ್ಲಶ್ ಬೇಡ. ಒಳಗೆ ಕೆಸರು ಇದ್ದರೆ ಅದು ಒಮ್ಮೆಗೇ ಕಿತ್ತು ಬಂದು ಸ್ಟ್ರೈನರ್ ಮುಚ್ಚುತ್ತದೆ. ದಪ್ಪ ಮಾಡುವ ಸಂಯೋಜಕಗಳ ಬಾಟಲಿಯೂ ಬೇಡ. ಅದರ ಬದಲು ಮುಂದಿನ ಎರಡು ಡ್ರೈನ್ ಬೇಗ ಮಾಡಿಸಿ, ಒಳ್ಳೆಯ ಆಯಿಲ್ ತಾನೇ ನಿಧಾನವಾಗಿ ತೊಳೆಯುತ್ತದೆ.

ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಇಂಜಿನ್ ಬೆಚ್ಚಗಿರಬೇಕು, ಕೈ ಸುಡುವಷ್ಟು ಬಿಸಿ ಬೇಡ. ಬೋಲ್ಟ್ ಬಿಚ್ಚಿ ಕನಿಷ್ಠ 10-15 ನಿಮಿಷ ಇಳಿಯಲು ಬಿಡಿ. ಎಷ್ಟು ಇಳಿಸಿದರೂ ಸ್ವಲ್ಪ ಹಳೆಯದು ಒಳಗೆ ಉಳಿಯುತ್ತದೆ, ತೊಂದರೆ ಇಲ್ಲ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಮ್ಯಾನುಯಲ್‌ನ ಟಾರ್ಕ್‌ನಷ್ಟೇ ಬಿಗಿಯಿರಿ. ಅಲ್ಯೂಮಿನಿಯಂ ಸಂಪ್‌ನ ಥ್ರೆಡ್ ಕೆಡುವುದು ಬಲ ಹಾಕಿದಾಗಲೇ. ಹಳೆಯ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಜೊತೆಗೇ ಬಂದಿದೆಯೇ ನೋಡಿ. ಅದು ಇಂಜಿನ್ನಿಗೇ ಅಂಟಿಕೊಂಡಿದ್ದು ಮೇಲೆ ಹೊಸದು ಕೂತರೆ ಸ್ಟಾರ್ಟ್ ಮಾಡಿದ ಕ್ಷಣಗಳಲ್ಲೇ ಆಯಿಲೆಲ್ಲ ನೆಲಕ್ಕೆ. ಹೊಸ ರಿಂಗಿಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಫಿಲ್ಟರಿನ ಮೇಲೆ ಬೇರೆ ಅಳತೆ ಬರೆದಿದ್ದರೆ ಅದರಂತೆ.

ಮ್ಯಾನುಯಲ್ ಹೇಳುವ ಪ್ರಮಾಣದ ಹತ್ತರಲ್ಲಿ ಒಂಬತ್ತು ಪಾಲು ಹಾಕಿ, ಕೆಂಪು ಆಯಿಲ್ ಲೈಟ್ ಆರುವತನಕ ರೇಸ್ ಮಾಡದೆ ಐಡಲ್‌ನಲ್ಲಿ ಬಿಡಿ. ಒಂದು ನಿಮಿಷ ಓಡಿಸಿ ಕೆಳಗೆ ಇಣುಕಿ ಸೋರಿಕೆ ನೋಡಿ, ಆಫ್ ಮಾಡಿ, 5 ನಿಮಿಷ ಬಿಟ್ಟು ಉಳಿದದ್ದನ್ನು ಡಿಪ್‌ಸ್ಟಿಕ್ ನೋಡಿಕೊಂಡು ತುಂಬಿ.

ಲಾಂಗ್‌ರೂಟ್:

ಒಂದು ಸಣ್ಣ ಸೇರ್ಪಡೆ. ಬದಲಿಸಿದ ದಿನದ ಓಡೋಮೀಟರ್, ಗ್ರೇಡ್, ಸ್ಪೆಸಿಫಿಕೇಶನ್ ಇಷ್ಟನ್ನೂ ಬರೆದಿಟ್ಟು, ಪ್ರತಿ 1,000 ಕಿ.ಮೀ.ಗೆ ಒಮ್ಮೆ ಡಿಪ್‌ಸ್ಟಿಕ್ ನೋಡಿ ಗುರುತು ಹಾಕಿ. ಪಿಸಿವಿ ಮತ್ತು ಗ್ರೇಡ್ ಎರಡನ್ನೂ ಒಂದೇ ದಿನ ಬದಲಿಸಬೇಡಿ. ಈಗ ಪಿಸಿವಿ ಹಾಕಿಸಿ 2,000 ಕಿ.ಮೀ. ಓಡಿಸಿ. ಇಳಿಯುವುದು ನಿಂತರೆ ಕಾರಣ ಅದೇ. ನಿಲ್ಲದಿದ್ದರೆ 5ಡಬ್ಲ್ಯೂ-30 ಹಾಕಿದ ಮೇಲಿನ ಅಂಕಿಯನ್ನು ಇಲ್ಲಿ ಬರೆಯಿರಿ, ಕಂಪ್ರೆಷನ್ ಟೆಸ್ಟ್ ಬೇಕೇ ಬೇಡವೇ ಅಂತ ಆಗ ನೋಡೋಣ.